ಆರು ತಿಂಗಳಿಗೊಂದು ಇಂಜೆಕ್ಷನ್: ಎಚ್‌ಐವಿ ವಿಷಯದಲ್ಲಿ ಒಳ್ಳೆ ಸುದ್ದಿ ಇದೆ, ಬನ್ನಿ ಮಾತಾಡೋಣ

ಹಳೇ ಮೈಕ್ರೋಸ್ಕೋಪ್

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಲೆನಕಾಪವಿರ್ ಅಂತ ಒಂದು ಔಷಧಿ ಬಂದಿದೆ, ಹೆಸರು ಕೇಳಿದ್ದೀರಾ? ವರ್ಷಕ್ಕೆ ಎರಡೇ ಸಲ ಚುಚ್ಚಿಸಿಕೊಂಡರೆ ಎಚ್‌ಐವಿ ತಗಲದಂತೆ ತಡೆಯುತ್ತದೆ. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಗ ಅಲ್ಲಿ ಅದರ ಬೆಲೆ ವರ್ಷಕ್ಕೆ 28,218 ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 25 ಲಕ್ಷ ರೂಪಾಯಿ. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು ಇದೇ ಔಷಧಿಯನ್ನು 2027ರಿಂದ ವರ್ಷಕ್ಕೆ 40 ಡಾಲರ್‌ಗೆ ಕೊಡುತ್ತವಂತೆ. ಅಂದರೆ ಮೂರೂವರೆ ಸಾವಿರ ರೂಪಾಯಿ. 120 ದೇಶಗಳಿಗೆ.

ಇದನ್ನು ಓದಿದ ದಿನ ನನಗೆ ಯಾಕೋ ನಿದ್ದೆ ಬರಲಿಲ್ಲ. ನೆನಪಾಗಿದ್ದು 2004ರ ಆಸುಪಾಸಿನ ಕತೆ. ಆ ವರ್ಷ ಏಪ್ರಿಲ್ 1ಕ್ಕೆ ದೇಶದಲ್ಲಿ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ, ಉಚಿತವಾಗಿ ಕೊಡುವುದು ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ. ಆಮೇಲೆ ನಿಧಾನವಾಗಿ ಜಿಲ್ಲೆಗಳಿಗೆ ಬಂತು. ಆದರೆ ಬಂದವರಿಗೆಲ್ಲ ಕೊಡುತ್ತಿರಲಿಲ್ಲ. ಸಿಡಿ4 ಕೌಂಟ್ (ರೋಗದ ವಿರುದ್ಧ ಹೋರಾಡುವ ರಕ್ತಕೋಶಗಳ ಎಣಿಕೆ) 200ಕ್ಕಿಂತ ಕೆಳಗೆ ಇಳಿದಿರಬೇಕು, ಇಲ್ಲವೇ ಬೇರೆ ಕಾಯಿಲೆ ಕಾಣಿಸಿಕೊಂಡಿರಬೇಕು. ಲಾರಿ ಕ್ಲೀನರ್ ಹುಡುಗನೊಬ್ಬನಿಗೆ 230 ಬಂತು. "ಸದ್ಯಕ್ಕೆ ಬೇಡ, ಆರು ತಿಂಗಳು ಬಿಟ್ಟು ಬಾ" ಅಂತ ಕಳಿಸಿದರು. ರಿಪೋರ್ಟ್ ಕೈಗೆ ಕೊಟ್ಟವನು ನಾನೇ. ಪರೀಕ್ಷೆಯಲ್ಲಿ ಪಾಸಾದವನ ಹಾಗೆ ನಕ್ಕು ಹೋದ. ಒಂದೂವರೆ ವರ್ಷ ಬಿಟ್ಟು ಅವನನ್ನು ಅವನ ಅಣ್ಣ ಎತ್ತಿಕೊಂಡು ಬಂದ. ರಕ್ತ ತೆಗೆಯೋಣ ಅಂದರೆ ತೋಳಿನಲ್ಲಿ ನರ ಸಿಗುತ್ತಿಲ್ಲ. ಕೌಂಟ್ 41.

ಆಗ ನಮಗೆ ತಿಳಿದಿದ್ದೇ ಅಷ್ಟು. ಮಾತ್ರೆಯ ಅಡ್ಡಪರಿಣಾಮ ಜಾಸ್ತಿ, ಆದಷ್ಟು ತಡವಾಗಿ ಶುರು ಮಾಡೋಣ ಅನ್ನೋ ಲೆಕ್ಕ. ಅದು ತಪ್ಪು ಅಂತ ಖಚಿತವಾಗಿದ್ದು 2015ರಲ್ಲಿ. 35 ದೇಶಗಳ 4,685 ಜನರ ಮೇಲೆ ನಡೆದ ಅಧ್ಯಯನದಲ್ಲಿ, ತಕ್ಷಣ ಮಾತ್ರೆ ಶುರು ಮಾಡಿದವರಲ್ಲಿ ದೊಡ್ಡ ಕಾಯಿಲೆ ಮತ್ತು ಸಾವು ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗಿತ್ತು. 2017ರಿಂದ ನಮ್ಮಲ್ಲೂ ಕೌಂಟ್ ಎಷ್ಟೇ ಇರಲಿ, ಪಾಸಿಟಿವ್ ಬಂದರೆ ಮಾತ್ರೆ ಕೊಡುತ್ತಾರೆ.

ನಿಮಗೆ ತಿಳಿದದ್ದನ್ನು ಹೇಳಿ. ಪ್ರಶ್ನೆಗಳಿದ್ದರೆ ಕೇಳಿ.

ಸುಮ್ನೆ ಕೇಳ್ದೆ

ಸರ್, ಇದು ಲಸಿಕೆಯಾ? ನಮ್ಮ ವಾಟ್ಸಾಪ್ ಗ್ರೂಪಲ್ಲಿ "ಏಡ್ಸ್‌ಗೆ ಲಸಿಕೆ ಬಂತು" ಅಂತ ಓಡಾಡ್ತಿದೆ.

ಹಳೇ ಮೈಕ್ರೋಸ್ಕೋಪ್

ಲಸಿಕೆ ಅಲ್ಲ. ಲಸಿಕೆ ಆದರೆ ಮೈಗೆ ಹೋರಾಡಲು ಕಲಿಸಿ ತಾನು ಹೊರಟುಹೋಗುತ್ತದೆ. ಇದು ಆರು ತಿಂಗಳು ಮೈಯಲ್ಲೇ ಕೂತು ಕಾವಲು ಕಾಯುತ್ತದೆ. ಅವಧಿ ಮುಗಿಯಿತು, ಮತ್ತೆ ಹಾಕಿಸಿಕೊಳ್ಳಲಿಲ್ಲ ಅಂದರೆ ಕಾವಲೂ ಮುಗಿಯಿತು. ಒಳಗೆ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನು ನಮ್ಮ ಕೆಮಿಸ್ಟ್ ಹೇಳಲಿ.

ಭೀಮಾತೀರದ ಕೆಮಿಸ್ಟ್

ಕರೆದಿದ್ದಕ್ಕೆ ಬಂದೆ. ಹೈದರಾಬಾದಿನಲ್ಲಿ ಔಷಧಿ ಕಂಪನಿಯಲ್ಲಿದ್ದೇನೆ. ಮೇಲೆ ಹೆಸರಿಸಿದ ಎರಡರಲ್ಲೂ ಅಲ್ಲ, ಹಾಗಾಗಿ ಜಾಹೀರಾತು ಅಂದುಕೊಳ್ಳಬೇಡಿ.

ಕಡಲೆಕಾಯಿ ಪರಿಷೆಯಲ್ಲಿ ಹುರಿದ ಕಡಲೆಕಾಯಿಯನ್ನು ಪೇಪರ್ ಸುತ್ತಿದ ಪೊಟ್ಟಣದಲ್ಲಿ ಕೊಡ್ತಾರಲ್ವಾ? ಒಂದು ಕಡೆ ಚೂಪು, ಇನ್ನೊಂದು ಕಡೆ ಅಗಲ. ಎಚ್‌ಐವಿ ವೈರಸ್ಸಿನ ಒಳಗೆ ಸರಿಯಾಗಿ ಅದೇ ಆಕಾರದ ಪೊಟ್ಟಣ ಇದೆ. ಅದಕ್ಕೆ ಕ್ಯಾಪ್ಸಿಡ್ ಅಂತಾರೆ. ಒಂದೇ ತರಹದ ಪ್ರೊಟೀನ್ ತುಂಡುಗಳು, ಹೆಚ್ಚುಕಡಿಮೆ 1,500, ಒಂದಕ್ಕೊಂದು ಹೆಣೆದುಕೊಂಡು ಆ ಪೊಟ್ಟಣ ಆಗಿರುತ್ತದೆ. ವೈರಸ್ಸಿನ ವಂಶವಾಹಿ ಅದರೊಳಗೆ ಭದ್ರ.

ವೈರಸ್ ನಮ್ಮ ಜೀವಕೋಶದ ಒಳಗೆ ಹೋದ ತಕ್ಷಣ ಈ ಪೊಟ್ಟಣ ಬಿಚ್ಚಿಕೊಳ್ಳುತ್ತದೆ ಅಂತಲೇ ಬಹಳ ಕಾಲ ನಂಬಿದ್ದರು. ಪಠ್ಯಪುಸ್ತಕದ ಚಿತ್ರಗಳಲ್ಲೂ ಹಾಗೇ ಇತ್ತು, ನಾನೂ ಹಾಗೇ ಓದಿ ಪಾಸಾದವನು. 2020ರ ಸುಮಾರಿಗೆ ಒಳ್ಳೊಳ್ಳೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕತೆ ಬೇರೆಯೇ ಇತ್ತು. ಪೊಟ್ಟಣ ಇಡಿಯಾಗಿ ಸಾಗಿ, ಕೋಶಕೇಂದ್ರದ ಗೋಡೆಯ ತೂತಿನಲ್ಲಿ ನುಸುಳಿ, ಒಳಗೆ ಹೋದ ಮೇಲೆ ಬಿಚ್ಚಿಕೊಳ್ಳುತ್ತದೆ!

ಅಂದಮೇಲೆ ಈ ಪೊಟ್ಟಣ ಹದವಾಗಿರಬೇಕು. ಸಡಿಲ ಆದರೆ ದಾರಿಯಲ್ಲೇ ಚೆಲ್ಲುತ್ತದೆ. ಬಿಗಿ ಆದರೆ ಬೇಕಾದಾಗ ಬಿಚ್ಚುವುದಿಲ್ಲ. ಲೆನಕಾಪವಿರ್ ಹೋಗಿ ತುಂಡುಗಳ ಸಂದಿಯಲ್ಲಿ ಕೂತು ಆ ಹದವನ್ನೇ ಕೆಡಿಸುತ್ತದೆ. ಒಳಗೆ ಹೋಗುವಾಗಲೂ ಅಡ್ಡಿ, ಹೊಸ ವೈರಸ್ ಪೊಟ್ಟಣ ಕಟ್ಟಿಕೊಳ್ಳುವಾಗಲೂ ಅಡ್ಡಿ. ಹಳೆಯ ಔಷಧಿಗಳಲ್ಲಿ ಹೆಚ್ಚಿನವು ವೈರಸ್ಸಿನ ಕಿಣ್ವಗಳ ಮೇಲೆ ಕೈ ಹಾಕುತ್ತಿದ್ದವು. ಇದು ಪೊಟ್ಟಣಕ್ಕೇ ಕೈ ಹಾಕಿತು.

ನಮ್ಮಂಥವರಿಗೆ ಇನ್ನೊಂದು ಮಜಾ ಇದೆ. ಈ ಔಷಧಿ ನೀರಿನಲ್ಲಿ ಕರಗುವುದೇ ಕಷ್ಟ. ಮಾತ್ರೆ ಮಾಡುವವರಿಗೆ ಅದು ತಲೆನೋವು. ಇಲ್ಲಿ ಅದೇ ವರ ಆಯಿತು. ಹೊಟ್ಟೆಯ ಚರ್ಮದ ಕೆಳಗೆ ಚುಚ್ಚಿದರೆ ಅಲ್ಲೇ ಸಣ್ಣ ಗಂಟಾಗಿ ಕೂತು, ಇಷ್ಟಿಷ್ಟೇ ಕರಗುತ್ತಾ ಆರು ತಿಂಗಳು ತಳ್ಳುತ್ತದೆ. ಆ ಗಂಟು ಕೈಗೆ ಸಿಗುತ್ತದಂತೆ. ಶುರುವಿನ ಎರಡು ದಿನ ಮಾತ್ರೆಯೂ ನುಂಗಬೇಕು.

ಸುಮ್ನೆ ಕೇಳ್ದೆ

ಪೊಟ್ಟಣದ ಉದಾಹರಣೆ ಸಖತ್. ಆದರೆ ನಾನು ಸ್ವಲ್ಪ ಅಪನಂಬಿಕೆಯ ಮನುಷ್ಯ. ಪ್ರತಿ ವರ್ಷ ಡಿಸೆಂಬರ್ 1, ಏಡ್ಸ್ ದಿನ ಬಂದರೆ ಪೇಪರಲ್ಲಿ "ಏಡ್ಸ್‌ಗೆ ಮದ್ದು" ಅಂತ ಬರುತ್ತೆ. ಆಮೇಲೆ ಪತ್ತೆ ಇರಲ್ಲ. ಇದರ ಪ್ರಯೋಗದಲ್ಲಿ ನಿಜವಾಗಿ ಏನಾಯಿತು?

ಭೀಮಾತೀರದ ಕೆಮಿಸ್ಟ್

ಕೇಳಬೇಕಾದ ಪ್ರಶ್ನೆಯೇ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡದಲ್ಲಿ 16ರಿಂದ 25 ವರ್ಷದ ಹೆಣ್ಣುಮಕ್ಕಳ ಮೇಲೆ ಪ್ರಯೋಗ ನಡೆಯಿತು. ಇಂಜೆಕ್ಷನ್ ತಗೊಂಡವರು 2,134 ಜನ. ಅವರಲ್ಲಿ ಸೋಂಕು ತಗಲಿದ್ದು ಸೊನ್ನೆ. ದಿನಾ ಮಾತ್ರೆ ನುಂಗುವ ಎರಡು ಗುಂಪುಗಳಿದ್ದವು. ಒಂದರಲ್ಲಿ 2,136 ಜನರಲ್ಲಿ 39 ಮಂದಿಗೆ, ಇನ್ನೊಂದರಲ್ಲಿ 1,068ರಲ್ಲಿ 16 ಮಂದಿಗೆ ತಗಲಿತು. 2024ರ ಜೂನ್‌ನಲ್ಲಿ ಮಧ್ಯದ ಲೆಕ್ಕ ನೋಡಿದ ಉಸ್ತುವಾರಿ ಸಮಿತಿಯವರು, ಇನ್ನು ಮುಚ್ಚಿಡುವುದು ಸಾಕು, ಎಲ್ಲರಿಗೂ ಇಂಜೆಕ್ಷನ್ ಕೊಡಿ ಅಂದರು. ಗಂಡಸರು ಮತ್ತು ಟ್ರಾನ್ಸ್‌ಜೆಂಡರ್‌ಗಳ ಮೇಲೆ ನಡೆದ ಎರಡನೇ ಪ್ರಯೋಗದಲ್ಲಿ 2,179 ಜನರಲ್ಲಿ ಇಬ್ಬರಿಗೆ ತಗಲಿತು. 'ಸೈನ್ಸ್' ಪತ್ರಿಕೆ 2024ರ ದೊಡ್ಡ ಸಾಧನೆ ಅಂತ ಇದನ್ನೇ ಆರಿಸಿತು.

ಚಾಮುಂಡಿ ಮೆಟ್ಟಿಲು

ಒಂದು ವಿಷಯ ಬಿಟ್ಟುಹೋಯಿತು. ಮಾತ್ರೆ ಗುಂಪಿನಲ್ಲಿ ಸೋಂಕು ತಗಲಿದ್ದಕ್ಕೆ ಮಾತ್ರೆ ಕೆಟ್ಟದ್ದು ಅಂತ ಅರ್ಥ ಅಲ್ಲ. ರಕ್ತ ಪರೀಕ್ಷೆ ಮಾಡಿ ನೋಡಿದರೆ ಬಹಳ ಹುಡುಗಿಯರು ಅದನ್ನು ಸರಿಯಾಗಿ ನುಂಗಿರಲಿಲ್ಲ.

ನುಂಗಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಮೈಸೂರೇ ಸಾಕ್ಷಿ. ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿ ನಡೆಸುವ ಅಶೋದಯ ಸಮಿತಿ ಇಲ್ಲಿದೆ. ಕೋಲ್ಕತ್ತದ ಸೋನಾಗಾಚಿಯಲ್ಲಿ ಮತ್ತು ಇಲ್ಲಿ ಆ ಹೆಣ್ಣುಮಕ್ಕಳಿಗೆ ದಿನಕ್ಕೊಂದು ತಡೆ ಮಾತ್ರೆ ಕೊಟ್ಟು ನೋಡಿದ್ದರು. ಯಾರಿಗೂ ಸೋಂಕು ತಗಲಲಿಲ್ಲ. ಅವರಲ್ಲಿ ಒಬ್ಬರು ಇನ್ನೊಬ್ಬರ ಮನೆಗೆ ಹೋಗಿ "ಇವತ್ತಿನದ್ದು ಆಯ್ತಾ?" ಅಂತ ಕೇಳ್ತಾರೆ. ಒಂಟಿಯಾಗಿ ಮಾತ್ರೆ ಬಚ್ಚಿಟ್ಟುಕೊಂಡು ಕೂರುವ ಹುಡುಗಿಗೆ ಹಾಗೆ ಕೇಳುವವರು ಯಾರು?

ಎಷ್ಟೋ ದೇಶಗಳಲ್ಲಿ ಇದೇ ಹಾಡು. ತಡೆಗೆ ಕೊಡುವ ಮಾತ್ರೆಯೂ ಚಿಕಿತ್ಸೆಯ ಮಾತ್ರೆಯೂ ನೋಡಲು ಒಂದೇ ತರಹದ ಡಬ್ಬಿ. ಅಮ್ಮನ ಕಣ್ಣಿಗೆ ಬಿದ್ದರೆ ಮಗಳಿಗೆ ಕಾಯಿಲೆ ಬಂದಿದೆ ಅಂದುಕೊಳ್ತಾಳೆ.

ಗುಬ್ಬಿಗೂಡು

ಡಬ್ಬಿ ವಿಷಯ ಬಂತು ಅಂತ ಬರೀತಿದ್ದೇನೆ. ಇಲ್ಲಿವರೆಗೆ ಬರೀ ಓದ್ತಿದ್ದೆ.

ನಾನು ಪಾಸಿಟಿವ್. 2014ರಲ್ಲಿ ಬಸುರಿ ಇದ್ದಾಗ ರಕ್ತ ಟೆಸ್ಟ್ ಮಾಡಿದಾಗ ಗೊತ್ತಾಯಿತು. ಆಮೇಲೆ ಯಜಮಾನರಿಗೂ ಮಾಡಿಸಿದರು, ಅವರೂ ಪಾಸಿಟಿವ್. ಅವತ್ತೇ ಗುಳಿಗೆ ಶುರು ಮಾಡಿದರು. ಮಗ ಹುಟ್ಟಿದ ಮೇಲೆ ಅವನಿಗೆ ಆರು ವಾರ ಸಿರಪ್ ಹಾಕಿದೆ. ಹಿಮ್ಮಡಿ ಚುಚ್ಚಿ ಕಾರ್ಡಿನ ಮೇಲೆ ರಕ್ತದ ಹನಿ ಒಣಗಿಸಿ ಕಳಿಸಿದರು. ನೆಗೆಟಿವ್ ಬಂತು. ಹದಿನೆಂಟು ತಿಂಗಳಿಗೆ ಕಡೇ ಟೆಸ್ಟ್, ಅದೂ ನೆಗೆಟಿವ್. ಆ ದಿನ ಆಸ್ಪತ್ರೆಯ ಹೊರಗೆ ಕಬ್ಬಿನ ಹಾಲು ಕುಡಿದೆವು, ಮೂರು ಗ್ಲಾಸ್. ಅವನೀಗ ಆರನೇ ಕ್ಲಾಸು, ಕಬಡ್ಡಿ ಆಡ್ತಾನೆ.

ಹಳೇ ಗುಳಿಗೆ ನುಂಗಿದರೆ ರಾತ್ರಿಯಿಡೀ ವಿಚಿತ್ರ ಕನಸು ಬೀಳ್ತಿತ್ತು. ಸತ್ತುಹೋದ ಎಮ್ಮೆ ಬಂದು ಮಾತಾಡಿಸೋದು, ಅಂಥವು. ಈಗಿನ ಟಿಎಲ್‌ಡಿ ಗುಳಿಗೆಗೆ (ಮೂರು ಔಷಧಿ ಒಂದರಲ್ಲೇ ಇರೋದು) ಅದಿಲ್ಲ. ದಿನಕ್ಕೆ ಒಂದೇ. ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ ರಿಪೋರ್ಟಿನಲ್ಲಿ ಐದು ವರ್ಷದಿಂದ "ಟಾರ್ಗೆಟ್ ನಾಟ್ ಡಿಟೆಕ್ಟೆಡ್".

ಮನೇಲಿ ಅತ್ತೆಗೆ ಗೊತ್ತಿಲ್ಲ. ಬಿಳಿ ಪ್ಲಾಸ್ಟಿಕ್ ಡಬ್ಬಿ, ಮೂವತ್ತು ಗುಳಿಗೆ. ಲೇಬಲ್ ಬಿಸಿನೀರಲ್ಲಿ ನೆನೆಸಿ ಕೆರೆದು ತೆಗೀತೇನೆ. ಕಷ್ಟ ಅದಲ್ಲ. ಸದ್ದು. ಎಆರ್‌ಟಿ ಸೆಂಟರಿಂದ ಬಸ್ಸಿನಲ್ಲಿ ಬರುವಾಗ ಬ್ಯಾಗಿನೊಳಗೆ ಗಲಗಲ ಅನ್ನುತ್ತೆ. ಸದ್ದು ಕೇಳಿದ್ರೇ ಜನಕ್ಕೆ ಗೊತ್ತಾಗುತ್ತೆ ಅನ್ನಿಸ್ತಿತ್ತು. ಮೊದಲು ಗುಳಿಗೆ ತೆಗೆದು ಪೇಪರಲ್ಲಿ ಕಟ್ಟಿಕೊಳ್ತಿದ್ದೆ. ಕೌನ್ಸೆಲರ್ ಬೈದರು, ಗಾಳಿ ತಾಗಿ ಹಾಳಾಗುತ್ತೆ, ಡಬ್ಬಿಯಲ್ಲಿರೋ ಸಣ್ಣ ಪುಡಿ ಪೊಟ್ಟಣ ತೇವ ಹೀರಲಿಕ್ಕೇ ಇಟ್ಟಿರೋದು ಅಂತ. ಈಗ ಹತ್ತಿ ತುಂಬಿ ಮುಚ್ಚಳ ಹಾಕ್ತೇನೆ.

ವರ್ಷಕ್ಕೆ ಎರಡು ಇಂಜೆಕ್ಷನ್ ಅಂದರೆ ಮನೇಲಿ ಡಬ್ಬಿನೇ ಬೇಡ ಅಲ್ವಾ? ನಮ್ಮಂಥವರಿಗೂ ಬರುತ್ತಾ?

ಹಳೇ ಮೈಕ್ರೋಸ್ಕೋಪ್

ಅಕ್ಕಾ, ಬರೆದಿದ್ದಕ್ಕೆ ದೊಡ್ಡ ನಮಸ್ಕಾರ.

ನಿಜ ಹೇಳಬೇಕು ಅಂದರೆ ಈಗ ಬಂದಿರುವ ಸುದ್ದಿ ಸೋಂಕು ಇಲ್ಲದವರಿಗೆ ತಡೆಯಾಗಿ ಕೊಡುವುದರದ್ದು. ಸೋಂಕು ಇರುವವರಿಗೆ ಲೆನಕಾಪವಿರ್ ಒಂದನ್ನೇ ಕೊಟ್ಟರೆ ವೈರಸ್ ತಪ್ಪಿಸಿಕೊಳ್ಳುವುದನ್ನು ಕಲಿತುಬಿಡುತ್ತದೆ. ಜೊತೆಗೆ ಬೇರೆ ಔಷಧಿ ಬೇಕೇ ಬೇಕು. ಬೇರೆ ಮಾತ್ರೆಗಳು ಕೈಕೊಟ್ಟವರಿಗೆ 2022ರಿಂದ ಅಮೆರಿಕ, ಯುರೋಪಿನಲ್ಲಿ ಹಾಗೆ ಕೊಡುತ್ತಿದ್ದಾರೆ. ಆರು ತಿಂಗಳಿಗೊಮ್ಮೆ ಕೊಡಬಹುದಾದ ಜೋಡಿ ಔಷಧಿಗಳು ಪ್ರಯೋಗದಲ್ಲಿವೆ. ಅಲ್ಲಿವರೆಗೆ ಗುಳಿಗೆ ಬಿಡಬೇಡಿ.

ಇನ್ನೊಂದು ಮಾತು. ನಿಮ್ಮ ರಿಪೋರ್ಟ್ ಇದೆಯಲ್ಲ, ಅದರ ಅರ್ಥ ನಿಮಗೆ ಯಾರಾದರೂ ಬಿಡಿಸಿ ಹೇಳಿದ್ದಾರಾ? ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆ ಇದ್ದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. "ಕಡಿಮೆ ಹರಡುತ್ತೆ" ಅಲ್ಲ, ಹರಡುವುದೇ ಇಲ್ಲ. 2011ರಲ್ಲಿ ಒಂಬತ್ತು ದೇಶಗಳ 1,763 ಜೋಡಿಗಳ ಅಧ್ಯಯನದ ಫಲಿತಾಂಶ ಬಂತು. ಪ್ರತಿ ಜೋಡಿಯಲ್ಲಿ ಒಬ್ಬರು ಪಾಸಿಟಿವ್, ಒಬ್ಬರು ನೆಗೆಟಿವ್. ಚೆನ್ನೈ, ಪುಣೆಯವರೂ ಇದ್ದರು. ಸಂಗಾತಿಯಿಂದ ತಗಲಿದ 28 ಸೋಂಕುಗಳಲ್ಲಿ 27, ಮಾತ್ರೆ ತಡವಾಗಿ ಶುರು ಮಾಡಿದ ಗುಂಪಿನಲ್ಲಿ. 2019ರಲ್ಲಿ ಯುರೋಪಿನಿಂದ ಇನ್ನೊಂದು ಅಧ್ಯಯನ ಬಂತು, 782 ಗಂಡು ಜೋಡಿಗಳದ್ದು. ಪಾಸಿಟಿವ್ ಇದ್ದವರ ವೈರಲ್ ಲೋಡ್ ಹತೋಟಿಯಲ್ಲಿತ್ತು, ಕಾಂಡೋಮ್ ಬಳಸುತ್ತಿರಲಿಲ್ಲ. ಸಂಗಾತಿಯಿಂದ ಸಂಗಾತಿಗೆ ಒಂದೂ ದಾಟಲಿಲ್ಲ.

ನನ್ನ ಮಟ್ಟಿಗೆ ಲೆನಕಾಪವಿರ್‌ಗಿಂತ ದೊಡ್ಡ ಸುದ್ದಿ ಇದೇ. ಇಷ್ಟು ವರ್ಷ ಆದರೂ ನಮ್ಮ ಊರುಗಳಿಗೆ ತಲುಪಿಲ್ಲ.

ಗುಬ್ಬಿಗೂಡು

ಹರಡಲ್ಲ ಅಂತ ಕೌನ್ಸೆಲರ್ ಹೇಳಿದ್ದರು. ನಂಬಿಕೆ ಬಂದಿರಲಿಲ್ಲ. ನೀವು ಲೆಕ್ಕ ಕೊಟ್ಟಿರಿ. ಯಜಮಾನರಿಗೂ ಓದಿ ಹೇಳಿದೆ.

ಕರಾವಳಿ ಕಾಫಿ

ಎಲ್ಲಾ ಸರಿ, ಆದರೆ ನನಗೆ ಸಿಟ್ಟು ಬರೋದು ಬೆಲೆ ವಿಷಯಕ್ಕೆ. 25 ಲಕ್ಷದ ಔಷಧಿ ಮೂರೂವರೆ ಸಾವಿರಕ್ಕೆ ಮಾಡಬಹುದು ಅಂದರೆ ಉಳಿದ ದುಡ್ಡು ಏನು? ಬ್ರೆಜಿಲ್, ಪೆರು, ಮೆಕ್ಸಿಕೊದ ಜನ ಎರಡನೇ ಪ್ರಯೋಗಕ್ಕೆ ಮೈ ಕೊಟ್ಟರು. ಅಗ್ಗದ ಔಷಧಿ ಸಿಗುವ 120 ದೇಶಗಳ ಪಟ್ಟಿಯಲ್ಲಿ ಆ ದೇಶಗಳೇ ಇಲ್ಲ. ಇದು ಯಾವ ನ್ಯಾಯ?

ಭೀಮಾತೀರದ ಕೆಮಿಸ್ಟ್

ನ್ಯಾಯ ಅಲ್ಲ, ಒಪ್ತೇನೆ. ಭಾರತ ಪಟ್ಟಿಯಲ್ಲಿದೆ ಅನ್ನೋದೊಂದು ಸಮಾಧಾನ. ಈ ಬೆಲೆ ಜಗಳ ಹೊಸದಲ್ಲ. 1996ರಲ್ಲಿ ಮೂರು ಔಷಧಿ ಕೂಡಿಸಿ ಕೊಟ್ಟರೆ ಸಾಯುತ್ತಿದ್ದವರು ಎದ್ದು ಓಡಾಡ್ತಾರೆ ಅಂತ ಸಾಬೀತಾಯಿತು. ಆದರೆ ವರ್ಷಕ್ಕೆ 10,000 ಡಾಲರ್ ಮೇಲೆ. ಆಫ್ರಿಕಾದಲ್ಲಿ ಯಾರು ಕೊಳ್ಳಬೇಕು? 2001ರ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್, ಅಂಥದ್ದೇ ಮೂರು ಔಷಧಿಗಳನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡ್ತೇನೆ ಅಂದರು. ದಿನಕ್ಕೆ ಒಂದು ಡಾಲರೂ ಬೀಳಲ್ಲ. ದೊಡ್ಡ ಕಂಪನಿಗಳು ಉರಿದುಬಿದ್ದವು. ಈಗ ಅಕ್ಕ ನುಂಗುವ ಟಿಎಲ್‌ಡಿ ಬೆಲೆ ಜಾಗತಿಕ ಖರೀದಿಯಲ್ಲಿ ವರ್ಷಕ್ಕೆ 45 ಡಾಲರ್‌ಗಿಂತ ಕಡಿಮೆ.

ಕರಾವಳಿ ಕಾಫಿ

2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿಯಿತಲ್ಲ, ಆಫ್ರಿಕಾದ ಎಷ್ಟೋ ಕ್ಲಿನಿಕ್ ಬಾಗಿಲು ಹಾಕಿದವು. ಔಷಧಿ ಅಗ್ಗ ಆಗಿ ಚುಚ್ಚುವ ನರ್ಸಿಗೇ ಸಂಬಳ ಇಲ್ಲದಿದ್ದರೆ? ಅದನ್ನೂ ಸೇರಿಸಿ ಲೆಕ್ಕ ಹಾಕಿ ಅಂತಷ್ಟೇ ಹೇಳಿದೆ.

ಸುಮ್ನೆ ಕೇಳ್ದೆ

ಪೂರ್ತಿ ಗುಣ ಆಗೋದು ಯಾವಾಗ? ಬರ್ಲಿನ್‌ನಲ್ಲಿ ಒಬ್ಬರಿಗೆ ಗುಣ ಆಗಿತ್ತಲ್ವಾ?

ಹಳೇ ಮೈಕ್ರೋಸ್ಕೋಪ್

ಟಿಮೊಥಿ ರೇ ಬ್ರೌನ್. ಎಚ್‌ಐವಿ ಜೊತೆಗೆ ರಕ್ತದ ಕ್ಯಾನ್ಸರ್ ಇತ್ತು. 2007ರಲ್ಲಿ ಬರ್ಲಿನ್‌ನಲ್ಲಿ ಕಾಂಡಕೋಶ ಕಸಿ ಮಾಡಿದರು. ವೈರಸ್ಸಿಗೆ ಬಾಗಿಲೇ ತೆರೆಯದಂಥ ಜೀವಕೋಶ ಇದ್ದ ದಾನಿಯನ್ನು ಬೇಕೆಂದೇ ಹುಡುಕಿದ್ದರು. ವೈರಸ್ ಮತ್ತೆ ಬರಲೇ ಇಲ್ಲ. 2020ರಲ್ಲಿ ಅವರು ತೀರಿಕೊಂಡಿದ್ದು ಕ್ಯಾನ್ಸರ್ ಮರುಕಳಿಸಿ. ಆಮೇಲೆ ಲಂಡನ್, ಡ್ಯುಸೆಲ್ಡಾರ್ಫ್ ಕಡೆಯೂ ಕೆಲವರಿಗೆ ಹಾಗಾಯಿತು. ಆದರೆ ಕಸಿ ಅಂದರೆ ಜೀವಕ್ಕೇ ಅಪಾಯ. ಕ್ಯಾನ್ಸರ್ ಇಲ್ಲದವರಿಗೆ ಮಾಡುವ ಹಾಗಿಲ್ಲ.

ಕಷ್ಟ ಇರುವುದು ವೈರಸ್ ಮಲಗುವ ಜಾಗದಲ್ಲಿ. ಕೆಲವು ಜೀವಕೋಶಗಳ ಒಳಗೆ ಸುಮ್ಮನೆ ಮಲಗಿರುತ್ತದೆ. ಮಾತ್ರೆಗೂ ಸಿಗಲ್ಲ, ಮೈಯ ಕಾವಲಿಗೂ ಕಾಣಲ್ಲ. ಬರೀ ಮಾತ್ರೆ ನುಂಗುತ್ತಾ ಅದು ತಾನಾಗಿ ಕರಗಲಿ ಅಂತ ಕಾದರೆ 73 ವರ್ಷ ಬೇಕು ಅಂತ 2003ರಲ್ಲಿ ಲೆಕ್ಕ ಹಾಕಿದ್ದರು.

2025ರಲ್ಲಿ ಮೆಲ್ಬೋರ್ನ್‌ನ ಡೊಹರ್ಟಿ ಸಂಸ್ಥೆಯವರು ಹೊಸದೊಂದು ದಾರಿ ತೋರಿಸಿದರು. ಕೋವಿಡ್ ಲಸಿಕೆಯಲ್ಲಿ ಎಂಆರ್‌ಎನ್‌ಎ ತುಂಬಲು ಕೊಬ್ಬಿನ ಸಣ್ಣ ಹನಿ ಬಳಸಿದ್ದರಲ್ಲ, ಅಂಥದ್ದೇ ಹನಿಯನ್ನು ಬದಲಿಸಿ, ವೈರಸ್ಸನ್ನು ಎಬ್ಬಿಸುವ ಎಂಆರ್‌ಎನ್‌ಎ ತುಂಬಿ, ವೈರಸ್ ಮಲಗಿರುವ ಕೋಶದೊಳಗೆ ತಲುಪಿಸಿದರು. ಒಳಗಿನ ವೈರಸ್ ಎದ್ದು ಕೂತಿತು. ಎದ್ದರೆ ಮಾತ್ರ ಹಿಡಿಯಬಹುದು. ಇದು ರೋಗಿಗಳ ರಕ್ತದ ಕೋಶಗಳ ಮೇಲೆ ಲ್ಯಾಬಿನಲ್ಲಿ ಆಗಿದ್ದು, ಮನುಷ್ಯರ ಮೈಯಲ್ಲಿ ಅಲ್ಲ. ಡಿಸೆಂಬರ್ 1ರ ಪೇಪರಿನವರು ಇದನ್ನು "ಮದ್ದು ಸಿಕ್ಕಿತು" ಅಂತ ಬರೆದರೆ ನನ್ನನ್ನು ಬೈಯಬೇಡಿ.

ನರ್ಸಿಂಗ್ ಮೂರನೇ ವರ್ಷ

ಅರ್ಜೆಂಟ್. ಯಾರಾದರೂ ಇದ್ದೀರಾ? ಇವತ್ತು ಮಧ್ಯಾಹ್ನ ವಾರ್ಡಿನಲ್ಲಿ ಸೂಜಿ ಚುಚ್ಚಿಕೊಂಡಿತು. ಪೇಷಂಟ್ ಪಾಸಿಟಿವ್ ಅಂತ ಆಮೇಲೆ ಗೊತ್ತಾಯಿತು. ಸೋಪಲ್ಲಿ ತೊಳೆದೆ. ಸೀನಿಯರ್ ಕೇಳಿದರೆ "ಏನೂ ಆಗಲ್ಲ, ಸುಮ್ನಿರು, ದೊಡ್ಡದು ಮಾಡಬೇಡ" ಅಂದರು. ಕೈ ನಡುಗ್ತಿದೆ.

ಹಳೇ ಮೈಕ್ರೋಸ್ಕೋಪ್

ತಂಗಿ, ಸುಮ್ಮನಿರಬೇಡ. ಈಗಲೇ ಹತ್ತಿರದ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗು. ಪಿಇಪಿ ಮಾತ್ರೆ ಕೇಳು, ಹೀಗೆ ಚುಚ್ಚಿದ ಮೇಲೆ ಸೋಂಕು ತಗಲದಂತೆ ಕೊಡುವುದು. ಎರಡು ಗಂಟೆಯೊಳಗೆ ಶುರುವಾದರೆ ಚೆನ್ನ, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಒಟ್ಟು 28 ದಿನ ನುಂಗಬೇಕು. ನಿನ್ನ ರಕ್ತದ ಪರೀಕ್ಷೆಯನ್ನೂ ಮಾಡಿಸಿ ಬರೆಸಿಕೋ. ಹೆಪಟೈಟಿಸ್ ಬಿ ಬಗ್ಗೆಯೂ ಕೇಳು. ಯಾರೂ ಸರಿಯಾಗಿ ಹೇಳದಿದ್ದರೆ 1097ಕ್ಕೆ ಫೋನ್ ಮಾಡು, ದುಡ್ಡು ಇಲ್ಲ.

ಭಯ ಪಡಬೇಡ. ಮಾತ್ರೆ ತಗೊಳ್ಳದೆ ಇದ್ದರೂ ಇಂಥ ಚುಚ್ಚಿನಿಂದ ತಗಲುವುದು ಸಾವಿರಕ್ಕೆ ಮೂರು. ತಗೊಂಡರೆ ಇನ್ನೂ ಎಷ್ಟೋ ಕಡಿಮೆ.

ಗುಬ್ಬಿಗೂಡು

ಊಟ ಮಾಡಿ ಹೋಗು ಕಂದಾ. ಜೊತೆಗೆ ಯಾರನ್ನಾದರೂ ಕರ್ಕೊಂಡು ಹೋಗು.

ನಿರ್ವಾಹಕರು

ಆಸ್ಪತ್ರೆ ಹೆಸರು ಯಾರೂ ಕೇಳಬೇಡಿ, ಹಾಕಲೂ ಬೇಡಿ. ಅಕ್ಕನ ಊರು ಯಾವುದು ಅಂತ ಕೇಳಿದ ಎರಡು ಪೋಸ್ಟ್ ತೆಗೆದಿದ್ದೇನೆ. ಒಬ್ಬರ ಎಚ್‌ಐವಿ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ.

ನರ್ಸಿಂಗ್ ಮೂರನೇ ವರ್ಷ

ರಾತ್ರಿ ಒಂಬತ್ತಕ್ಕೆ ಮೊದಲ ಮಾತ್ರೆ ಆಯಿತು. ರೂಮ್‌ಮೇಟ್ ಬಂದಿದ್ದಳು. ಡ್ಯೂಟಿ ಡಾಕ್ಟರ್ ಒಂದು ಮಾತೂ ಬೈಯಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಚಾಮುಂಡಿ ಮೆಟ್ಟಿಲು

ಅಬ್ಬಾ. ಆಗಿನಿಂದ ಈ ಪೇಜನ್ನೇ ನೋಡ್ತಾ ಕೂತಿದ್ದೆ.

ನರ್ಸಿಂಗ್ ಮೂರನೇ ವರ್ಷ

ತಿಂಗಳ ಮೇಲೆ ಬರೀತಿದ್ದೇನೆ. 28ನೇ ಮಾತ್ರೆ ಮೊನ್ನೆ ಮುಗಿಯಿತು. ಮೊದಲ ವಾರ ಸ್ವಲ್ಪ ವಾಕರಿಕೆ ಇತ್ತು, ಆಮೇಲೆ ಏನಿಲ್ಲ. ಮುಂದಿನ ಟೆಸ್ಟ್ ಆರು ವಾರಕ್ಕೆ. ಹಾಸ್ಟೆಲ್ಲಿನಲ್ಲಿ ಡಬ್ಬಿಯನ್ನು ಸಾಕ್ಸ್ ಒಳಗೆ ಸುತ್ತಿ ಸೂಟ್‌ಕೇಸಿನ ಅಡಿಗೆ ಇಟ್ಟಿದ್ದೆ. ಇನ್ನೊಬ್ಬರಿಗೆ ಕಾಣಬಾರದು ಅಂತ 28 ದಿನಕ್ಕೇ ನನಗೆ ಸಾಕಾಗಿಹೋಯಿತು. ಅಕ್ಕಾ, ನೀವು ಹನ್ನೊಂದು ವರ್ಷ ಹೇಗೆ ಇಟ್ಟುಕೊಂಡಿರಿ?

ಗುಬ್ಬಿಗೂಡು

ನಾನು ಟೈಲರ್. ಖಾಲಿ ಡಬ್ಬಿ ಎಸೆಯಲ್ಲ. ಅವಕ್ಕೆ ಬ್ಲೌಸಿನ ಹುಕ್ಕು, ಅಂಗಿ ಗುಂಡಿ ತುಂಬಿ ಮೆಷಿನ್ ಮೇಲಿನ ಹಲಗೆಯಲ್ಲಿ ಸಾಲಾಗಿ ಇಟ್ಟಿದ್ದೇನೆ. ಎಲ್ಲಾ ಒಂದೇ ತರಹ, ಅಲ್ಲಾಡಿಸಿದರೆ ಎಲ್ಲದರದ್ದೂ ಗಲಗಲ ಸದ್ದು. ಎಡಗಡೆಯಿಂದ ನಾಲ್ಕನೇದು ಗುಳಿಗೆ. ಮೊನ್ನೆ ಅತ್ತೆ, ನನ್ನ ಮಗನ ಯೂನಿಫಾರ್ಮಿಗೆ ಗುಂಡಿ ಹಾಕಲಿಕ್ಕೆ ಅಂತ ಮೂರನೇದು ತೆಗೆದರು. ನನ್ನ ಎದೆ ಬಾಯಿಗೆ ಬಂದಿತ್ತು.